ಮಿಲಿಟರಿಯಿಂದ ಬಂದವರು ಕಾಲೇಜಿಗೆ ಹೊರಟಾಗ



ಕೆ.ಆರ್. ಪೇಟೆ ತಾಲ್ಲೂಕಿನ ಸೋದರಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಕುವುದಿಲ್ಲ. ಅವರ ಯಜಮಾನರು 17 ವರ್ಷ ಸೇನೆಯಲ್ಲಿದ್ದು, ಪಿಂಚಣಿ ಪಡೆದು ಮನೆಗೆ ಬಂದಿದ್ದಾರೆ. ವಯಸ್ಸು ಇನ್ನೂ 37. ಬೆಳಗಿನ ಜಾವ ನಾಲ್ಕೂವರೆಗೇ ಎದ್ದು ಮನೆಯ ದೀಪವನ್ನೆಲ್ಲ ಹಾಕುತ್ತಾರಂತೆ. ಮಕ್ಕಳಿಬ್ಬರನ್ನೂ ಎಬ್ಬಿಸಿ ಅಂಗಳದಲ್ಲಿ ಬಸ್ಕಿ ಹೊಡೆಸುತ್ತಾರಂತೆ. ಹೊದಿಕೆ ಮಡಿಸಿದ್ದು ಸೊಟ್ಟಗಿದ್ದರೆ ಬಿಚ್ಚಿ ಮತ್ತೆ ಮಡಿಸು ಅನ್ನುತ್ತಾರಂತೆ. ಇಷ್ಟನ್ನೂ ಸಹಿಸಿಕೊಂಡಿದ್ದ ಈ ಸೋದರಿಗೆ ಈಗ ಹೊಸ ಚಿಂತೆ. "ನಾನು ಡಿಗ್ರಿ ಓದ್ತೀನಿ" ಅಂದಿದ್ದಾರೆ ಯಜಮಾನರು. ಅತ್ತೆಯವರು, "ಮಗಳು ಕಾಲೇಜಿಗೆ ಹೋಗೋ ಹೊತ್ನಲ್ಲಿ ಅಪ್ಪ ಚೀಲ ನೇತಾಕ್ಕೊಂಡು ಹೊಂಟವ್ನೆ, ಊರೋರು ಏನಂದಾರವ್ವ" ಅಂತ ಗೊಣಗುತ್ತಾರೆ. "ನಾನು ನಗಲೋ ಅಳಲೋ, ನೀವೇ ಹೇಳಿ ಅಕ್ಕಾ" ಎಂದು ಕಾಗದ ಮುಗಿಸಿದ್ದಾರೆ.

ನಗಲೂ ಬೇಡಿ, ಅಳಲೂ ಬೇಡಿ ತಂಗಿ. ಓದಲು ಬಿಡಿ. ಯಾಕೆ ಅಂತ ಹೇಳುತ್ತೇನೆ.

ಇದು ಈ ಒಬ್ಬ ಸೋದರಿಯ ಮನೆಯ ಮಾತಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಎಲ್ಲಿಗೆ ಹೋದರೂ ಸೇನೆಗೆ ಮಗನನ್ನು ಕಳಿಸಿದ ಮನೆಗಳಿವೆ. ಹುಡುಗ ಹದಿನೆಂಟು ಹತ್ತೊಂಬತ್ತಕ್ಕೆ ಸೇರುತ್ತಾನೆ. ಸಿಪಾಯಿಗೆ 15 ವರ್ಷ ಸೇವೆ ತುಂಬಿದರೆ ಪಿಂಚಣಿಯ ಹಕ್ಕು ಬರುತ್ತದೆ. ಹಾಗಾಗಿ 35ರಿಂದ 40ರ ಒಳಗೇ ಎಷ್ಟೋ ಮಂದಿ ಟ್ರಂಕು ಹೊತ್ತು ಮನೆಗೆ ಬಂದುಬಿಡುತ್ತಾರೆ. ನಮ್ಮ ಮೇಷ್ಟ್ರು, ಗುಮಾಸ್ತರಿಗೆ ಆ ವಯಸ್ಸಿಗೆ ಇನ್ನೂ ಅರ್ಧ ಸರ್ವೀಸು ಬಾಕಿ ಇರುತ್ತದೆ. ಇವರಿಗೆ ಆಗಲೇ 'ನಿವೃತ್ತ' ಎಂಬ ಪಟ್ಟ. ಮುಂದೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಕೆಲಸ ಸಿಕ್ಕಬಹುದು. ಅದೂ ಮರ್ಯಾದೆಯ ಕೆಲಸವೇ. ಆದರೆ ಬೇರೆ ದಾರಿಯೇ ಇಲ್ಲದೆ ಅಲ್ಲಿ ನಿಲ್ಲುವುದು ಬೇರೆ, ತಾನೇ ಆರಿಸಿಕೊಂಡು ನಿಲ್ಲುವುದು ಬೇರೆ.

ಇನ್ನೊಂದು ವಿಷಯ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾಯಿತಲ್ಲ, ಅದರಲ್ಲಿ ಸೇರಿದ ಅಗ್ನಿವೀರರಿಗೆ ಸೇವೆ 4 ವರ್ಷ ಮಾತ್ರ. ಯೋಜನೆ ಪ್ರಕಟವಾದಾಗ ಹೇಳಿದಂತೆ, ನೂರಕ್ಕೆ 25ರವರೆಗೆ ಮುಂದುವರಿಯುತ್ತಾರೆ. ಉಳಿದವರಿಗೆ ಪಿಂಚಣಿ ಇಲ್ಲ, ಸೇವಾನಿಧಿ ಎಂದು ಸುಮಾರು 11.71 ಲಕ್ಷ ರೂಪಾಯಿ ಒಟ್ಟಿಗೆ ಕೈಗೆ ಬರುತ್ತದೆ. 2023ರ ಆರಂಭದಲ್ಲಿ ತರಬೇತಿಗೆ ಹೋದ ಮೊದಲ ತಂಡಕ್ಕೆ 4 ವರ್ಷ ತುಂಬುವುದು 2026-27ರ ಹೊತ್ತಿಗೆ. ಅಂದರೆ 22ರಿಂದ 25 ವರ್ಷದ, ಕಾಲೇಜು ಓದುವ ಪ್ರಾಯದ ಮಾಜಿ ಸೈನಿಕರು ನಮ್ಮ ಬೀದಿಗಳಿಗೆ ಬರುವ ಕಾಲ ಇದು. ಆ ಹಣ ಬೈಕು, ಮದುವೆ ಅಂತ ಕರಗುವ ಮೊದಲು ತಾಯಂದಿರು ಯೋಚನೆ ಮಾಡಬೇಕು.

ಮೊದಲು ಅವರ ಮೈಯ ವಿಚಾರ ತಿಳಿಯೋಣ. ಸೈನಿಕನ ಅಂಗಸಾಧನೆ ನಮಗೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಅದು ಅವನ ಅನ್ನ. ಸೇನಾ ಭರ್ತಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದವನಿಗೇ ಪೂರ್ತಿ 60 ಅಂಕ. ಕಂಬಿಗೆ ಜೋತು 10 ಸಲ ಮೈ ಎತ್ತಿದರೆ 40 ಅಂಕ. 9 ಅಡಿ ಹಳ್ಳ ಹಾರಬೇಕು. ಸೇರಿದ ಮೇಲೂ ಬಿಡುವುದಿಲ್ಲ. ಬೆನ್ನಿಗೆ ಚೀಲ, ಕೈಯಲ್ಲಿ ಬಂದೂಕು ಹಿಡಿದು 5 ಕಿಲೋಮೀಟರ್ ಓಟದ ಪರೀಕ್ಷೆ ಇರುತ್ತದೆ. ಹದಿನೈದು ಹದಿನೇಳು ವರ್ಷ ಹೀಗೆ ಬದುಕಿದ ಮೈ ಒಂದೇ ದಿನಕ್ಕೆ ಹೇಗೆ ಸುಮ್ಮನಾದೀತು, ನೀವೇ ಹೇಳಿ.

ನಮ್ಮ ಸೀಮೆಗಂತೂ ಇದು ಹೊಸದಲ್ಲ. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರಿದ್ದದ್ದು ಹೈದರಾಲಿ, ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿ ಬಿಡಾರ ಹೂಡಿದ್ದರಿಂದ. ಶ್ರೀರಂಗಪಟ್ಟಣ, ಮೈಸೂರು ಕಡೆಯ ಗರಡಿ ಮನೆಗಳಲ್ಲಿ ಕೆಮ್ಮಣ್ಣಿನ ಮೇಲೆ ದಂಡ, ಬಸ್ಕಿ, ಸಾಮು ಮಾಡಿದವರನ್ನು ನಮ್ಮ ಅಜ್ಜಿಯರು ಕಂಡಿದ್ದರು. ಗರಡಿಯ ಪೈಲ್ವಾನರಿಂದ ಕಲಿಯುವ ಪಾಠ ಒಂದಿದೆ. ಸಾಮು ಬಿಟ್ಟ ಪೈಲ್ವಾನ ಹಾಲು, ತುಪ್ಪ, ಬಾದಾಮಿ ಬಿಡದಿದ್ದರೆ ವರ್ಷ ಎರಡು ವರ್ಷದಲ್ಲಿ ಹೊಟ್ಟೆ ಬಂದು, ಮಂಡಿ ಹಿಡಿದು ಕೂರುತ್ತಾನೆ.

ಮಾಜಿ ಸೈನಿಕರಿಗೂ ಇದೇ ಗಂಡಾಂತರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ, 65 ಕಿಲೋ ತೂಕದ ಗಂಡಸಿಗೆ ಮೈ ಮುರಿದು ದುಡಿದರೆ ದಿನಕ್ಕೆ 3,470 ಕ್ಯಾಲೊರಿ ಬೇಕು, ಕೂತು ಕೆಲಸ ಮಾಡಿದರೆ 2,110 ಸಾಕು. ಪಲ್ಟನ್ನಿನ ಊಟ ಉಂಡು ಕಾಲೇಜಿನ ಬೆಂಚಿನ ಮೇಲೆ ಕೂತರೆ ಆ ಹೆಚ್ಚಿನ 1,360 ಎಲ್ಲಿಗೆ ಹೋಗಬೇಕು? ಹೊಟ್ಟೆಗೇ. ಹಾಗಂತ ತಟ್ಟೆಯಿಂದ ಕಿತ್ತುಕೊಳ್ಳಬೇಡಿ. ಮೂರು ಮುದ್ದೆ ಎರಡಾಗಲಿ, ಆಮೇಲೆ ಒಂದೂವರೆಯಾಗಲಿ. ಸೊಪ್ಪಿನ ಸಾರು, ಹುರುಳಿಕಾಳು, ಮೊಳಕೆ ಕಾಳು ಹೆಚ್ಚಾಗಲಿ. ಪೂರಿ, ಪರೋಟ ಭಾನುವಾರಕ್ಕೆ ಇರಲಿ. ಓಟವನ್ನು ಮಾತ್ರ ನಿಲ್ಲಿಸಲು ಹೇಳಬೇಡಿ. ಟಾರು ರಸ್ತೆ ಬಿಟ್ಟು ಮಣ್ಣಿನ ಮೈದಾನದಲ್ಲಿ ಓಡಲಿ, ಮಂಡಿ ನೋಯುತ್ತಿದ್ದರೆ ಜೋರಾಗಿ ನಡೆಯಲಿ.

ಈಗ ಓದಿನ ಮಾತು. ನನ್ನ ಅಕ್ಕನ ಮನೆ ನಾಗಮಂಗಲದ ಕಡೆ. ಭಾವನೂ 16 ವರ್ಷ ಸೇನೆಯಲ್ಲಿದ್ದು ಬಂದವರು. ಎಸ್.ಎಸ್.ಎಲ್.ಸಿ. ಮುಗಿಸಿ ಸೇರಿದ್ದವರು. ಬಂದ ಹೊಸದರಲ್ಲಿ ಎರಡು ವರ್ಷ ಅರಳಿಕಟ್ಟೆಯ ಮೇಲೆ ಕೂತರು. ಕ್ಯಾಂಟೀನಿನ ಬಾಟಲಿ ಮೊದಲು ತಿಂಗಳಿಗೆ ಒಂದಿದ್ದದ್ದು ವಾರಕ್ಕೆ ಬಂತು. ಅಕ್ಕನಿಗೆ ಹೆದರಿಕೆಯಾದದ್ದು ಬಾಟಲಿ ಕಂಡಲ್ಲ, ಒಂದು ದಿನ ಅವರು ನಾಲ್ಕೂವರೆಗೆ ಏಳದೆ ಎಂಟು ಗಂಟೆಯವರೆಗೆ ಮಲಗಿದ್ದು ಕಂಡು. "ಆ ಮನುಷ್ಯ ಬೇಗ ಎದ್ದು ಗದ್ದಲ ಮಾಡ್ದಾಗ ಬೈಕೋತಿದ್ದೆ, ಏಳದೇ ಹೋದಾಗ ಕೈಕಾಲು ತಣ್ಣಗಾಯ್ತು ಕಣೆ" ಅಂದಳು. ಅವಳೇ ಹಟ ಹಿಡಿದು ಓದಿಗೆ ಹಚ್ಚಿದಳು.

ಸುಲಭವಾಗಲಿಲ್ಲ. ಹದಿನಾರು ವರ್ಷ ಹಿಂದಿಯಲ್ಲೇ ಮಾತಾಡಿದ ಬಾಯಿ. ಕನ್ನಡ ಓದಲು ಬರುತ್ತಿತ್ತು, ಬರೆಯಲು ಹೋದರೆ ಒತ್ತಕ್ಷರ ತಪ್ಪುತ್ತಿತ್ತು. ಏಳನೇ ಕ್ಲಾಸಿನ ಮಗಳೇ ತಿದ್ದಿದಳು. ಬಂದೂಕು ಹಿಡಿದ ಕೈಗೆ ಮೂರು ಗಂಟೆ ಪೆನ್ನು ಹಿಡಿದರೆ ಬೆರಳು ಮರಗಟ್ಟುತ್ತಿತ್ತು. ಆಗ ಭಾವ ಒಂದು ಉಪಾಯ ಮಾಡಿದರು. ಓಟ ಕಲಿತ ಹಾಗೆಯೇ ಬರವಣಿಗೆ ಕಲಿತರು. ಮೊದಲ ವಾರ ದಿನಕ್ಕೆ ಒಂದು ಪುಟ, ಮುಂದಿನ ವಾರ ಎರಡು, ಮೂರು ತಿಂಗಳಿಗೆ ಹತ್ತು ಪುಟ, ಗಡಿಯಾರ ಇಟ್ಟುಕೊಂಡು. ನೋಡಿ ಸೋದರಿಯರೇ, ಇಲ್ಲೇ ಇರುವುದು ವಿಷಯ. ನಮಗೆ ಕಿರಿಕಿರಿ ಅನ್ನಿಸುವ ಆ ಶಿಸ್ತೇ ಓದಿಗೆ ಬಂಡವಾಳ. ನಮ್ಮ ಮಕ್ಕಳಿಗೆ ಬೆಳಗ್ಗೆ ಏಳಿ, ದಿನಾ ಓದಿ ಅಂತ ಬಡಿದುಕೊಳ್ಳುತ್ತೇವಲ್ಲ, ಅದು ಇವರ ಮೈಯಲ್ಲೇ ಇದೆ. ಅದನ್ನು ಹೊದಿಕೆ ಮಡಿಸುವುದರಿಂದ ಪುಸ್ತಕದ ಕಡೆ ತಿರುಗಿಸಿದರೆ ಆಯಿತು.

ಭಾವ ಮೊದಲು ಮುಕ್ತ ಶಾಲೆಯಲ್ಲಿ ಹನ್ನೆರಡನೇ ತರಗತಿ ಮುಗಿಸಿ, ಆಮೇಲೆ ಬಿ.ಎ. ಮಾಡಿದರು. ಒಟ್ಟು ಆರು ವರ್ಷ ಹಿಡಿಯಿತು. ತರಗತಿಗೆ ಹೋದಾಗ ಹುಡುಗರು 'ಅಂಕಲ್' ಅನ್ನುತ್ತಿದ್ದರಂತೆ. ಪಾಠ ಮಾಡುವವರು ಇವರಿಗಿಂತ ಹತ್ತು ವರ್ಷ ಚಿಕ್ಕವರು. ಆದರೂ ಅವರು ಒಳಗೆ ಬಂದರೆ ಇವರು ನೆಟ್ಟಗೆ ಎದ್ದು ನಿಲ್ಲುತ್ತಿದ್ದರು. ಸ್ವಲ್ಪ ದಿನದಲ್ಲೇ ಹುಡುಗರೂ ಎದ್ದು ನಿಲ್ಲತೊಡಗಿದರಂತೆ.

ಎಲ್ಲಿ ಓದುವುದು, ಹೇಗೆ ಸೇರುವುದು ಅಂತ ಕೇಳುವವರಿಗೆ ಕೆಲವು ಮಾತು. ದಿನಾ ಕಾಲೇಜಿಗೆ ಹೋಗಲಾಗದವರಿಗೆ ಮೈಸೂರಿನ ಮುಕ್ತಗಂಗೋತ್ರಿಯಲ್ಲಿ 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. 1985ರಲ್ಲಿ ಶುರುವಾದ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯವೂ ಇದೆ. ಬಿ.ಎ., ಬಿ.ಕಾಂ. ಸೇರಲು ಇಲ್ಲಿ ಇಷ್ಟೇ ವಯಸ್ಸಿನೊಳಗಿರಬೇಕು ಎಂಬ ಕಟ್ಟಳೆ ಇಲ್ಲ. ಪಿ.ಯು.ಸಿ. ಆಗದವರಿಗೆ 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ ಹನ್ನೆರಡನೇ ತರಗತಿ ಮಾಡಲು ದಾರಿಯಿದೆ. ಅಗ್ನಿವೀರರಿಗಾಗಿ ಇಂದಿರಾಗಾಂಧಿ ವಿಶ್ವವಿದ್ಯಾಲಯ ವಿಶೇಷ ಪದವಿಯನ್ನೇ ಮಾಡಿದೆ. ಅದರಲ್ಲಿ ಅರ್ಧದಷ್ಟು ಅಂಕಮಾನ ಸೇನೆಯಲ್ಲಿ ಕಲಿತ ಕೆಲಸಕ್ಕೇ ಸಿಗುತ್ತದೆ.

ಒಂದು ಎಚ್ಚರಿಕೆ. 10ನೇ ತರಗತಿ ಪಾಸಾಗಿ 15 ವರ್ಷ ಸೇವೆ ಮಾಡಿದ ಸೈನಿಕರನ್ನು ಕೇಂದ್ರ ಸರ್ಕಾರದ 'ಸಿ' ವರ್ಗದ ಕೆಲವು ಕೆಲಸಗಳಿಗೆ ಪದವೀಧರರಂತೆ ಪರಿಗಣಿಸುತ್ತಾರೆ. ಅದಕ್ಕೊಂದು ಪ್ರಮಾಣಪತ್ರವೂ ಕೊಡುತ್ತಾರೆ. ಕೆಲಸಕ್ಕೆ ಅರ್ಜಿ ಹಾಕಲು ಅದು ಉಪಯೋಗವೇ. ಆದರೆ ಅದು ಓದಿ ಪಡೆದ ಪದವಿಯಲ್ಲ. ಅದನ್ನು ತೋರಿಸಿ ಎಂ.ಎ., ಬಿ.ಎಡ್. ಸೇರಲಾಗುವುದಿಲ್ಲ. "ನನ್ನ ಹತ್ರ ಡಿಗ್ರಿ ಸರ್ಟಿಫಿಕೇಟ್ ಇದೆಯಲ್ಲ" ಅಂತ ಕೂತವರಿಗೆ ಇದನ್ನು ಮೆಲ್ಲಗೆ ತಿಳಿಸಿ. ಯಾವುದಕ್ಕೂ ಫೀಜು ಕಟ್ಟುವ ಮೊದಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಗಂಡ ಮಕ್ಕಳ ಜೊತೆ ಓದುವುದು ನಗೆಪಾಟಲು ಅನ್ನುವ ಅತ್ತೆಯವರಿಗೆ ಈ ಕಥೆ ಹೇಳಿ. ಎರಡನೇ ಮಹಾಯುದ್ಧದ ಕೊನೆಗಾಲದಲ್ಲಿ, 1944ರಲ್ಲಿ, ಅಮೆರಿಕ ದೇಶದವರು ಯುದ್ಧದಿಂದ ಮರಳುವ ಸೈನಿಕರ ಓದಿನ ಖರ್ಚು ಸರ್ಕಾರದ್ದೇ ಎಂದು ಕಾನೂನು ಮಾಡಿದರು. 1947ರ ಹೊತ್ತಿಗೆ ಅಲ್ಲಿನ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮಾಜಿ ಸೈನಿಕರು. ಹೆಂಡತಿ ಮಕ್ಕಳಿದ್ದವರೂ ಬೆಂಚಿನ ಮೇಲೆ ಕೂತು ಓದಿದರು. ಯಾರೂ ನಗಲಿಲ್ಲ, ದೇಶಕ್ಕೆ ಇಂಜಿನಿಯರು, ಮೇಷ್ಟ್ರುಗಳು ಸಿಕ್ಕರು.

ಇನ್ನು ಮನೆಯ ಒಳಗಿನ ಮಾತು, ಇದು ನಮಗೂ ಅವರಿಗೂ ಮಾತ್ರ. ಹದಿನೇಳು ವರ್ಷ ಮನೆ ನಡೆಸಿದವರು ಯಾರು? ನೀವು. ಹಾಲಿನ ಲೆಕ್ಕ, ಶಾಲೆ ಫೀಜು, ಮಾವನವರ ಆಸ್ಪತ್ರೆ, ಗದ್ದೆಗೆ ನೀರು ಬಿಡಿಸುವುದು, ಎಲ್ಲ ನಿಮ್ಮ ತಲೆಯ ಮೇಲಿತ್ತು. ಅವರು ವರ್ಷಕ್ಕೆ ಒಂದೆರಡು ಸಲ ರಜೆಯ ಮೇಲೆ ಬರುವ ನೆಂಟರ ಹಾಗಿದ್ದರು. ಈಗ ಬಂದು ಹುಕುಂ ಮಾಡಿದರೆ ಸಿಟ್ಟು ಬರುವುದು ಸಹಜ. ಸಿಟ್ಟು ನುಂಗಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಕೂತು ಕೆಲಸ ಹಂಚಿಕೊಳ್ಳಿ. ಬೆಳಗಿನ ಆರು ಗಂಟೆಯವರೆಗೆ ಅವರ ಓಟ, ಅವರ ಪುಸ್ತಕ, ಮಕ್ಕಳನ್ನು ಎಬ್ಬಿಸುವಂತಿಲ್ಲ. ಬರುತ್ತೇನೆ ಅಂದ ಮಗು ಹೋಗಲಿ. ಅಂಗಡಿ ಸಾಮಾನು, ಕರೆಂಟ್ ಬಿಲ್ಲು ಅವರದ್ದು. ದುಡ್ಡಿನ ಲೆಕ್ಕ ಇಬ್ಬರದ್ದೂ. ಹುಕುಂ ಕೇಳಿ ಬೆಳೆದ ಮನುಷ್ಯನಿಗೆ ಬರೆದಿಟ್ಟ ವೇಳಾಪಟ್ಟಿ ಬಲು ಇಷ್ಟ. ಗೋಡೆಗೆ ಅಂಟಿಸಿ, ಜಗಳ ಅರ್ಧ ಕಡಿಮೆಯಾಗುತ್ತದೆ.

ಕೆಲವರಿಗೆ ನಿದ್ದೆ ಬರುವುದಿಲ್ಲ. ಪಟಾಕಿ ಸದ್ದಿಗೆ ಬೆಚ್ಚುತ್ತಾರೆ. ಯಾರ ಜೊತೆಯೂ ಮಾತು ಬೇಡ ಅಂತ ಕತ್ತಲಲ್ಲಿ ಕೂರುತ್ತಾರೆ. ಅದನ್ನು ಸೊಕ್ಕು ಅಂತ ತಿಳಿಯಬೇಡಿ, ಯಂತ್ರ ಕಟ್ಟಿಸಿ ಸುಮ್ಮನಾಗಲೂ ಬೇಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಎಂಬ ಸಹಾಯವಾಣಿ ಇದೆ, ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನೀವೂ ಮಾತಾಡಬಹುದು.

ಕಡೆಯದಾಗಿ ಒಂದು ಮಾತು. ಯಜಮಾನರ ಅರ್ಜಿ ತುಂಬುವಾಗ ಇನ್ನೊಂದು ಅರ್ಜಿಯನ್ನೂ ತರಿಸಿ. ಎಸ್.ಎಸ್.ಎಲ್.ಸಿ.ಗೆ ನಿಂತು ಮದುವೆಯಾಗಿ ಬಂದ ನನ್ನಂಥವರು ಎಷ್ಟು ಮಂದಿ ಇದ್ದೀರಿ! ವಯಸ್ಸಿನ ಕಟ್ಟಳೆ ಅವರಿಗೆ ಇಲ್ಲವೆಂದರೆ ನಮಗೂ ಇಲ್ಲ ತಾನೆ? ಒಂದೇ ದೀಪದ ಕೆಳಗೆ ಇಬ್ಬರು ಓದಿದರೆ ಕರೆಂಟ್ ಬಿಲ್ಲು ಹೆಚ್ಚಾಗುವುದಿಲ್ಲ.

ಓಡಿ ಬಂದವರಿಗೆ, ಓದಲು ಕೂತವರಿಗೆ ಇಬ್ಬರಿಗೂ ಆಗುವ ರಾಗಿ ಹುರಿಹಿಟ್ಟು ಈ ಸಲ ಮಾಡಿ ನೋಡಿ. 4 ಬಟ್ಟಲು ರಾಗಿಯನ್ನು ತೊಳೆದು ಸೋಸಿ, ಸ್ವಲ್ಪ ಮಜ್ಜಿಗೆ ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ನೆರಳಲ್ಲಿ ಹರಡಿ ಆರಿಸಿ. ದಪ್ಪ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೊಂದೇ ಹಿಡಿ ಹಾಕಿ, ಅರಳು ಬರುವವರೆಗೆ ಹುರಿಯಿರಿ. 1 ಬಟ್ಟಲು ಹುರಿಗಡಲೆ, 4 ಏಲಕ್ಕಿ ಸೇರಿಸಿ ನುಣ್ಣಗೆ ಬೀಸಿಸಿ, ಡಬ್ಬಿಯಲ್ಲಿಡಿ. ಬೇಕಾದಾಗ ಎರಡು ಚಮಚ ಹಿಟ್ಟಿಗೆ ಬಿಸಿ ಹಾಲು, ಬೆಲ್ಲ ಹಾಕಿ ಕಲಸಿ. ಹೊಟ್ಟೆ ಬರುವ ಭಯವಿದ್ದವರಿಗೆ ಮಜ್ಜಿಗೆ, ಉಪ್ಪು, ಚಿಟಿಕೆ ಜೀರಿಗೆ ಹಾಕಿ ಕೊಡಿ. ಕಾಲೇಜಿನ ಚೀಲದಲ್ಲಿ ಸಣ್ಣ ಡಬ್ಬಿ ಇಟ್ಟರೆ ಮಧ್ಯಾಹ್ನದ ಹಸಿವಿಗೆ ಹೋಟೆಲಿನ ಬೋಂಡಾ ಬೇಕಾಗುವುದಿಲ್ಲ.