ಕೋಣೆಯ ಗಾಳಿಯಲ್ಲಿ ನಮ್ಮದೇ ಚರ್ಮದ ಬ್ಯಾಕ್ಟೀರಿಯಾ

ಜನರಿರುವ ಕೋಣೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯೊಂದನ್ನು ಗಂಟೆ ಹೊತ್ತು ತೆರೆದಿಟ್ಟು, ಮತ್ತೆ ಮುಚ್ಚಿ ಒಂದೆರಡು ದಿನ ಬೆಚ್ಚಗಿರಿಸಿದರೆ ಅದರ ಮೇಲೆ ಬಿಳಿ, ಹಳದಿ ಚುಕ್ಕೆಗಳು ಮೂಡುತ್ತವೆ. ಒಂದೊಂದು ಚುಕ್ಕೆಯೂ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಸೇರಿದ ಕಾಲನಿ. ಕಂಡವರು ಗಾಬರಿಯಾಗುವುದು ಸಹಜ. ಆದರೆ ಗಾಬರಿಗೆ ಕಾರಣವಿದೆಯೇ ಎಂದು ತಿಳಿಯಲು ಎಣಿಕೆಯೊಂದೇ ಸಾಲದು, ಗುರುತೂ ಬೇಕು.

ಚರ್ಮದ ಮೇಲ್ಪದರ ಸದಾ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಉದುರುತ್ತಿರುತ್ತದೆ. ಕೆಲವು ಚೂರುಗಳ ಜತೆ ಬ್ಯಾಕ್ಟೀರಿಯಾಗಳೂ ಗಾಳಿ ಸೇರುತ್ತವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಗತಿಯಲ್ಲಿರುವ ಒಬ್ಬೊಬ್ಬರಿಂದ ಗಂಟೆಗೆ ಸುಮಾರು 3.7 ಕೋಟಿ ಬ್ಯಾಕ್ಟೀರಿಯಾಗಳಷ್ಟು ಡಿಎನ್‌ಎ ಗಾಳಿಗೆ ಸೇರುವುದು ಕಂಡುಬಂತು. ಓಡಾಟಕ್ಕೆ ನೆಲದಿಂದ ಎದ್ದ ಧೂಳಿನದೂ ಇದರಲ್ಲಿ ಸೇರಿತ್ತು.

ಗುರುತಿಸುವ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮೊದಲಿಗೆ 1884ರಿಂದ ಬಳಕೆಯಲ್ಲಿರುವ ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚರ್ಮವಾಸಿಗಳಲ್ಲಿ ಹೆಚ್ಚಿನವು ನೇರಳೆಯಾಗಿ ಕಾಣುತ್ತವೆ. ದುಂಡಗಿದ್ದು ಗೊಂಚಲು ಕಟ್ಟಿದ್ದರೆ ಸ್ಟೆಫೈಲೊಕಾಕಸ್. ನಾಲ್ಕು ನಾಲ್ಕಾಗಿ ಕೂಡಿದ್ದು ಕಾಲನಿ ಹಳದಿಯಾಗಿದ್ದರೆ ಮೈಕ್ರೊಕಾಕಸ್ ಎಂಬ ಅನುಮಾನ. ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದರೆ ಇವೆರಡೂ ನೊರೆ ಎಬ್ಬಿಸುತ್ತವೆ. ಬಾಯಿ, ಗಂಟಲಿನ ಸ್ಟ್ರೆಪ್ಟೊಕಾಕಸ್ ಎಬ್ಬಿಸುವುದಿಲ್ಲ. ಸ್ಟೆಫೈಲೊಕಾಕಸ್ ಎಂದು ಖಚಿತವಾದರೆ ಮುಂದಿನದು ಮೊಲದ ಪ್ಲಾಸ್ಮಾ ಪರೀಕ್ಷೆ. ಹುಣ್ಣು, ಕೀವು ತರಬಲ್ಲ ಸ್ಟೆಫೈಲೊಕಾಕಸ್ ಆರಿಯಸ್ ಅದನ್ನು ಹೆಪ್ಪುಗಟ್ಟಿಸುತ್ತದೆ. ಎಲ್ಲರ ಮೈಮೇಲೂ ಸಾಮಾನ್ಯವಾಗಿ ನೆಲೆಸಿರುವ ಎಪಿಡರ್ಮಿಡಿಸ್ ಹಾಗೆ ಮಾಡುವುದಿಲ್ಲ.

ತಟ್ಟೆಗೂ ಮಿತಿಯಿದೆ. ಮುಖದ ಎಣ್ಣೆ ಜಿಡ್ಡಿನಲ್ಲಿ ಹೇರಳವಾಗಿರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್‌ಗೆ ಆಮ್ಲಜನಕ ಒಗ್ಗದು. ಹಾಗಾಗಿ ಸಾಮಾನ್ಯ ವಿಧಾನದಲ್ಲಿ ಬೆಳೆಸಿದ ತಟ್ಟೆಯಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ. ಇಂಥವನ್ನು ಹಿಡಿಯಲು 16ಎಸ್ ಎಂಬ, ಸುಮಾರು 1,500 ಅಕ್ಷರಗಳ ಜೀನನ್ನು ಓದುತ್ತಾರೆ. ಆದರೆ ಆ ಡಿಎನ್‌ಎ ಬದುಕಿರುವ ಬ್ಯಾಕ್ಟೀರಿಯಾದ್ದೋ ಸತ್ತದ್ದೋ ಎಂಬುದು ಈ ಓದಿನಿಂದ ತಿಳಿಯದು. ಹೆಸರು ಸಿಕ್ಕ ಮಾತ್ರಕ್ಕೆ ಮೂಲವೂ ಸಿಕ್ಕಿತು ಎನ್ನಲಾಗದು. ಮೈಕ್ರೊಕಾಕಸ್ ಮಣ್ಣು, ಧೂಳಿನಲ್ಲೂ ಇರುತ್ತದೆ. ಎಪಿಡರ್ಮಿಡಿಸ್, ಆಕ್ನೆಸ್ ಮತ್ತು ಇನ್ನೊಂದು ಚರ್ಮವಾಸಿ ಕೊರಿನಿಬ್ಯಾಕ್ಟೀರಿಯಂ ಒಟ್ಟಿಗೆ ಸಿಕ್ಕಾಗ ಮೂಲ ಮನುಷ್ಯರ ಚರ್ಮವೆಂಬ ತೀರ್ಮಾನಕ್ಕೆ ಬಲ ಬರುತ್ತದೆ.

ಮನೆ, ಕಚೇರಿಯಲ್ಲಿ ಇವು ಕಂಡರೆ ಆರೋಗ್ಯವಂತರು ಹೆದರಬೇಕಿಲ್ಲ. ಗಾಳಿಯಾಡುವಂತೆ ಕಿಟಕಿ ತೆರೆದರೆ ಸಾಕು. ಕೃತಕ ಕೀಲು ಜೋಡಿಸುವ ಶಸ್ತ್ರಚಿಕಿತ್ಸಾ ಕೊಠಡಿಯ ಮಾತೇ ಬೇರೆ. ಅಲ್ಲಿ ಸಾಧು ಎಪಿಡರ್ಮಿಡಿಸ್ ಕೂಡ ಕೀಲಿಗೆ ಅಂಟಿ ಪೊರೆ ಕಟ್ಟಿಕೊಂಡು, ಔಷಧಕ್ಕೆ ಬಗ್ಗದ ಸೋಂಕಾಗಬಲ್ಲದು. ಆದ್ದರಿಂದ ‘ಗಾಳಿಯಲ್ಲಿ ಬ್ಯಾಕ್ಟೀರಿಯಾ ಪತ್ತೆ’ ಎಂಬ ಸುದ್ದಿ ಓದಿದಾಗ ಯಾವುದು, ಎಲ್ಲಿ ಎಂಬ ಎರಡು ಪ್ರಶ್ನೆ ಕೇಳಿ, ಆಮೇಲೆ ಚಿಂತಿಸಿ.