ಮೈದಾನ ಊರ ಹೊರಗೆ ಹೋದ್ರೆ ಮನಿಯಾಗೆ ಕೂರೋರು ಯಾರು?

ಮೊನ್ನೆ ಕಟ್ಟಿ ಮ್ಯಾಲೆ ಅವರೆಕಾಯಿ ಸುಲೀತಾ ಕುಂತಿದ್ವಿ. ಎದುರು ಮನಿ ಅಕ್ಕಾರು ಅಂದ್ರು, "ಬೆಂಗಳೂರಿನ ಆ ಚಿನ್ನಸ್ವಾಮಿ ಸ್ಟೇಡಿಯಮ್‌ನ ಊರ ಹೊರಗೆ ಒಯ್ದುಬಿಟ್ರೆ ಛಲೋ ಬಿಡ್ರಿ, ಹುಡುಗ್ರು ಸಾಯೋದಾದ್ರೂ ತಪ್ಪುತ್ತೆ." ನಾನೂ ಹೂಂ ಅಂದೆ. ರಾತ್ರಿ ಪಾತ್ರೆ ತಿಕ್ಕುವಾಗ ಅನ್ನಿಸ್ತು, ಅಷ್ಟು ಬೇಗ ಹೂಂ ಅನ್ನಬಾರದಿತ್ತು ಅಂತ. ಅದಕ್ಕೇ ಬರಿಯಾಕತ್ತೀನಿ. ಅಕ್ಕಾರು ಸಿಟ್ಟಾಗಬಾರದು.

ಸಾವಿನ ಮಾತು ಮೊದಲು. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಾಗ ನಮ್ಮ ಕಂಟೋನ್ಮೆಂಟ್‌ನಾಗೂ ಪಟಾಕಿ ಹೊಡೆದ್ರು. ಮರುದಿನ ಮಧ್ಯಾಹ್ನ ಸ್ಟೇಡಿಯಮ್ ಗೇಟಿನ ಹತ್ರ ನೂಕುನುಗ್ಗಲಾಗಿ 11 ಮಂದಿ ಹೋದ್ರು. ಶಾಲಿಗೆ ಹೋಗೋ ಹುಡುಗೀನೂ ಇದ್ಳು ಅದ್ರಾಗೆ. ನಮ್ಮಣ್ಣನ ಮಗ ಬೆಂಗಳೂರಾಗೇ ಓದ್ತಾನೆ. ಸಂಜಿ ತನಕ ಅವನ ಫೋನು ಹತ್ತಲಿಲ್ಲ. ನಮ್ಮತ್ತಿಗಿ ದೇವರ ಮುಂದೆ ಕುಂತಾಕಿ ಎದ್ದೇ ಇಲ್ಲ. ಕಬ್ಬನ್ ಪಾರ್ಕ್ ತನಕ ಹೋಗಿ, ಜನ ನೋಡಿ ಹೆದರಿ ವಾಪಸ್ ರೂಮಿಗೆ ಬಂದಿದ್ನಂತೆ ಪುಣ್ಯಾತ್ಮ. ಹಂಗಾಗಿ ಈ ಸಾವು ನನಗೆ ಪೇಪರಿನ ಸುದ್ದಿ ಅಲ್ಲ.

ಆದ್ರೆ ಆ ಮಕ್ಕಳು ಸ್ಟೇಡಿಯಮ್ ಊರ ನಡುವೆ ಇದ್ದಿದ್ದಕ್ಕೆ ಸತ್ರೇನು? ಹಿಂದಿನ ರಾತ್ರಿ ಗೆದ್ದು ಮರುದಿನವೇ ಮೆರವಣಿಗಿ ಅಂದ್ರು, ಬಿಟ್ಟಿ ಪಾಸು ಅಂದ್ರು. ಮೂವತ್ತೈದು ಸಾವಿರದಷ್ಟು ಜನ ಹಿಡಿಯೋ ಜಾಗಕ್ಕೆ ಲಕ್ಷಗಟ್ಟಲೆ ಮಂದಿ ಬಂದ್ರು. ಮದುವಿ ಮನಿಯಾಗೆ ನೂರು ಎಲಿಗೆ ಅಡಿಗಿ ಮಾಡಿ ಊರಿಗೆಲ್ಲಾ ಡಂಗುರ ಸಾರಿದ್ರೆ, ಛತ್ರ ಎಲ್ಲಿದ್ರೇನ್ರಿ? ಸರಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ, ಈ ಸ್ಟೇಡಿಯಮ್ಮಿನ ಗೇಟುಗಳು ಸೀದಾ ಫುಟ್‌ಪಾತಿಗೇ ತೆರಕೊಂತಾವೆ, ದೊಡ್ಡ ಜನಸಂದಣಿಗೆ ಇದು ಸುರಕ್ಷಿತ ಅಲ್ಲ ಅಂತ ಹೇಳೈತೆ. ಅದು ನಿಜ, ನಾನು ಇಲ್ಲ ಅನ್ನಲ್ಲ. ಆದ್ರೆ ಅದೇ ಆಯೋಗ, ಹೊಸ ಜಾಗಕ್ಕೆ ಬಸ್ಸು ರೈಲಿನ ಅನುಕೂಲ ಇರಬೇಕು ಅಂತಾನೂ ಹೇಳೈತೆ. ಆ ಎರಡನೇ ಮಾತು ಯಾರ ಬಾಯಾಗೂ ಬರವಲ್ದು.

ಈಗ ಹೊಸ ಸ್ಟೇಡಿಯಮ್ ಅಂತಿರೋದು ಆನೇಕಲ್ ತಾಲ್ಲೂಕಿನ ಸೂರ್ಯನಗರದಾಗೆ. 80 ಸಾವಿರ ಜನ ಕೂರೋ ಅಂಥದ್ದು, 1,650 ಕೋಟಿ ಖರ್ಚು, ಕಟ್ಟೋದು ಗೃಹ ಮಂಡಳಿ. ನಮ್ಮಂಥೋರು ಅಲ್ಲಿಗೆ ಹೋಗೋದು ಹೆಂಗೆ, ಲೆಕ್ಕ ಹಾಕ್ರಿ. ಇವತ್ತು ಬಳ್ಳಾರಿಯಿಂದ ಹೆಣ್ಮಕ್ಕಳು ಶಕ್ತಿ ಯೋಜನೆ ಬಸ್ಸಿನಾಗೆ ರೊಕ್ಕ ಕೊಡದಂಗೆ ಮೆಜೆಸ್ಟಿಕ್‌ಗೆ ಇಳೀಬಹುದು. ಅಲ್ಲಿ ನೇರಳೆ ಮೆಟ್ರೋ ಹತ್ತಿದ್ರೆ ಮೂರನೇ ಸ್ಟೇಷನ್ನೇ ಕಬ್ಬನ್ ಪಾರ್ಕ್, ಮುಂದೆ ನಾಕು ಹೆಜ್ಜಿ ನಡಿಗಿ. ಸೂರ್ಯನಗರಕ್ಕಾದ್ರೆ ಮೆಜೆಸ್ಟಿಕ್‌ನಾಗೆ ಹಸಿರು ಲೈನು ಹತ್ತಬೇಕು, ಆರ್.ವಿ. ರೋಡಿನಾಗೆ ಇಳಿದು ಹಳದಿ ಲೈನು ಹಿಡೀಬೇಕು. 2025ರ ಆಗಸ್ಟ್‌ನಾಗೆ ಶುರುವಾದ ಆ ಲೈನು ಬೊಮ್ಮಸಂದ್ರಕ್ಕೇ ಮುಗೀತು. ಸೂರ್ಯನಗರ ಅಲ್ಲಿಂದನೂ ಮುಂದೆ. ಆಮ್ಯಾಲೆ ಆಟೋದವನ ಕೈಕಾಲು ಹಿಡೀಬೇಕು. ರಾತ್ರಿ ಹನ್ನೊಂದಕ್ಕೆ ಮ್ಯಾಚು ಬಿಟ್ರೆ ಹೊಳ್ಳಿ ಬರೋದು ಹೆಂಗೆ? ಕಾರಿದ್ದೋರು ಬರ್ತಾರೆ. ಗಂಡುಹುಡುಗ್ರು ಹೆಂಗೋ ಬೈಕಿನ ಹಿಂದೆ ಮುಂದೆ ಕುಂತು ಬರ್ತಾರೆ. "ಅಷ್ಟು ದೂರ, ಅಷ್ಟು ಹೊತ್ನಾಗೆ ಬ್ಯಾಡ" ಅಂತ ಮನಿಯಾಗೆ ಕೂರಿಸೋದು ಯಾರನ್ನ, ನಾನು ಹೇಳಬೇಕೇನು?

ಇದು ಊಹಾ ಅಲ್ಲ, ನಮ್ಮನಿಯಾಗೇ ಆಗೈತೆ. ನಮ್ಮ ತಂಗಿ ಮಗಳು ಫುಟ್‌ಬಾಲ್ ಆಡ್ತಿದ್ಳು. ಮನಿಯಿಂದ ನಡಕೊಂಡು ಹೋಗೋ ದೂರದ ಬಯಲಿನಾಗೆ ಒಂಬತ್ತು ಹುಡುಗೇರು ಸಂಜಿ ಕಲೀತಿದ್ರು. ನಾವೂ ಹೂ ಕಟ್ಟಿಕೊಂತ ಅಲ್ಲೇ ಕಲ್ಲಿನ ಮ್ಯಾಲೆ ಕುಂತಿರ್ತಿದ್ವಿ. ಒಂದು ವರ್ಷ ಪ್ರಾಕ್ಟೀಸು ಬೈಪಾಸ್ ಆಚಿ ದೊಡ್ಡ ಮೈದಾನಕ್ಕೆ ಹೋತು. ಹುಲ್ಲು ಛಲೋ ಇತ್ತು, ಲೈಟೂ ಇದ್ವು, ಸುಳ್ಳು ಹೇಳಬಾರದು. ಮೂರು ತಿಂಗಳಾಗೆ ಒಂಬತ್ತು ಹುಡುಗೇರು ಇಬ್ಬರಾದ್ರು, ಆಮ್ಯಾಲೆ ಆ ಇಬ್ಬರೂ ಇಲ್ಲ. ಗಂಡುಹುಡುಗ್ರು ಒಬ್ಬನೂ ಬಿಡಲಿಲ್ಲ. ಬ್ಯಾಡ ಅಂದೋರು ಯಾರೂ ಕೆಟ್ಟೋರಲ್ಲ, ಅದ್ರಾಗೆ ನಾನೂ ಒಬ್ಬಾಕಿ. "ಕತ್ತಲಾದ ಮ್ಯಾಲೆ ಆಟೋದಾಗೆ ಒಬ್ಬಾಕಿನ್ನೇ ಕಳಿಸಬ್ಯಾಡ" ಅಂತ ತಂಗಿಗೆ ಹೇಳಿದಾಕಿ ನಾನೇ. ಆ ಹುಡುಗಿ ಈಗ ಬಿ.ಕಾಂ. ಮಾಡ್ತಾಳೆ, ಬೂಟು ಅಟ್ಟದ ಮ್ಯಾಲೆ ಅದಾವೆ.

ನಮ್ಮ ತೋರಣಗಲ್ಲಿನ ಜಿಂದಾಲ್‌ನೋರದೇ ಟೀಮು ಬೆಂಗಳೂರು ಎಫ್‌ಸಿ. 2013ರಾಗೆ ಹುಟ್ಟಿದ್ದು. ಮೊದಲು ಅಶೋಕನಗರದ ಫುಟ್‌ಬಾಲ್ ಮೈದಾನದಾಗೆ ಆಡಿ, ಆಮ್ಯಾಲೆ ಕಂಠೀರವಕ್ಕೆ ಹೋದ್ರು. ಮನಿ ಬದಲಿಸಿದ್ರೂ ಊರೊಳಗೇ ಉಳಿದ್ರು, ಜನಾನೂ ಜೊತಿಗೆ ನಡೆದು ಬಂದ್ರು. ಅಲ್ಲೂ ಜಗಳ ಐತೆ. ಓಡೋ ಮಕ್ಕಳಿಗೆ ಟ್ರ್ಯಾಕ್ ಸಿಗವಲ್ದು ಅಂತ ಕೋಚುಗಳು ಕೋರ್ಟಿಗೂ ಹೋದ್ರು. ಅವರ ಮಾತಿನಾಗೂ ನ್ಯಾಯ ಐತೆ. ಒಂದೇ ಒಲಿ ಮ್ಯಾಲೆ ಎರಡು ಪಾತ್ರೆ ಇಡಾಕೆ ಆಗಲ್ಲ. ಅದಕ್ಕೆ ಊರೊಳಗೆ ಇನ್ನೊಂದು ಒಲಿ ಹೂಡಬೇಕು.

ಅಕ್ಕಾರು ಕೇಳ್ತಾರೆ, ಮುಂಬೈನಾಗೆ ಹೊರಗಿಲ್ಲೇನು ಅಂತ. ಐತೆ, ಒಪ್ಪಿದೆ. ನಮ್ಮ ಹೆಣ್ಮಕ್ಕಳ ವಿಶ್ವಕಪ್ಪಿನ ಮೊದಲ ಪಂದ್ಯ ಬೆಂಗಳೂರಿಗೇ ಇತ್ತು. ಪಾಕಿಸ್ತಾನ ಫೈನಲಿಗೆ ಬರದಿದ್ರೆ ಫೈನಲ್ಲೂ ಇಲ್ಲೇ. ಈ ದುರಂತ ಆದ ಮ್ಯಾಲೆ ಬೆಂಗಳೂರಿನ ಪಂದ್ಯ ಎಲ್ಲಾ ಕೈಬಿಟ್ಟು ಹೋದ್ವು. 2025ರ ನವೆಂಬರ್ 2ಕ್ಕೆ ಹರ್ಮನ್‌ಪ್ರೀತ್ ಕಪ್ ಎತ್ತಿದ್ದು ನವಿ ಮುಂಬೈನ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಾಗೆ. ಮಳಿ ಬಂದು ತಡ ಆಗಿ ಮುಗಿಯೋ ಹೊತ್ತಿಗೆ ನಡುರಾತ್ರಿ. ನಾವೆಲ್ಲಾ ಟಿವಿ ಮುಂದೆ ಅತ್ತಿದ್ದೂ ಅತ್ತಿದ್ದೇ. ಅಲ್ಲಿ ಸ್ಟೇಡಿಯಮ್ ತುಂಬ ಜನ, ಹೆಣ್ಮಕ್ಕಳೂ ಬೇಕಾದಷ್ಟು. ಯಾಕಂದ್ರೆ ಅಲ್ಲಿ ನೆರೂಳ್ ತನಕ ಲೋಕಲ್ ಟ್ರೈನು ಐತೆ, ಹೆಂಗಸರಿಗೇ ಅಂತ ಬೇರೆ ಡಬ್ಬಿ ಐತೆ. ಬೆಂಗಳೂರಿನ ಉಪನಗರ ರೈಲಿಗೆ 2022ರಾಗೆ ಅಡಿಗಲ್ಲು ಹಾಕ್ಯಾರೆ, ರೈಲು ಇನ್ನೂ ಓಡವಲ್ದು. ಮುಂಬೈ ತೋರಿಸೋರು ಮುಂಬೈನ ರೈಲನ್ನೂ ತರಲಿ, ಆವಾಗ ನಾನೇ ಮೊದಲು ಸೂರ್ಯನಗರಕ್ಕೆ ಬುತ್ತಿ ಕಟ್ಟಿಕೊಂಡು ಹೋಗ್ತೀನಿ.

ಅಲ್ಲಿತನಕ ಗೇಟು ಅಗಲ ಮಾಡ್ರಿ, ಟಿಕೆಟ್ ಇಲ್ದೋರನ್ನ ದೂರದಾಗೇ ನಿಲ್ಲಿಸ್ರಿ, ಬಿಟ್ಟಿ ಪಾಸಿನ ಆಸೆ ಹಚ್ಚಬ್ಯಾಡ್ರಿ. ದೊಡ್ಡ ಮೆರವಣಿಗಿ ಬೇಕಂದ್ರೆ ನಾಕು ದಿನ ತಡ ಮಾಡ್ರಿ, ಕಪ್ಪೇನು ಹಳಸೋ ಅನ್ನ ಅಲ್ಲ. ಇದಕ್ಕೆಲ್ಲಾ 1,650 ಕೋಟಿ ಬ್ಯಾಡ.

ಅಕ್ಕಾರೆ, ನಾಳೆ ಕಟ್ಟಿಗೆ ಬರ್ರಿ, ಇನ್ನೂ ಎರಡು ಕೆಜಿ ಅವರೆಕಾಯಿ ಉಳಿದಾವೆ. ನಿಮ್ಮ ಮೊಮ್ಮಗಳನ್ನೂ ಕರಕೊಂಡು ಬರ್ರಿ, ಆ ಬೂಟು ಆಕಿ ಕಾಲಿಗೆ ಆಗ್ತಾವೇನೋ ನೋಡಾಣ.