ಮನೆವಾರ್ತೆ: ಬಚ್ಚಲಮನೆಯ ನಲ್ಲಿ, ಹಂಡೆ ಮತ್ತು ಹಿಡಿಕೆ



ಮನೆಯನ್ನು ಹೊಸದಾಗಿಸಬೇಕೆಂಬ ಹಂಬಲ ಹುಟ್ಟಿದಾಗ ನಮ್ಮ ಕಣ್ಣು ಮೊದಲು ಹೋಗುವುದು ಪಡಸಾಲೆಯ ಕಡೆಗೆ. ಅನಂತರ ಅಡುಗೆಮನೆ, ದೇವರ ಕೋಣೆ. ಬಚ್ಚಲಮನೆಯ ಸರದಿ ಬರುವ ವೇಳೆಗೆ ಕೈಯಲ್ಲಿ ಉಳಿದ ಹಣ ಅಷ್ಟಕ್ಕಷ್ಟೆ. ಆದರೆ ಮನೆಮಂದಿಯೆಲ್ಲ ದಿನವನ್ನು ಆರಂಭಿಸುವುದು ಅಲ್ಲಿಂದಲೇ. ಮಿಂದು ಮಡಿಯಾಗಿ, ಹಣೆಗೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಪೂಜೆಗೆ ಕೂರುವ ಕುಟುಂಬಗಳಲ್ಲಿ ಬಚ್ಚಲಮನೆಯನ್ನು ಪೂಜೆಯ ಹೊಸ್ತಿಲೆಂದೇ ಕರೆಯಬಹುದು. ಆ ಹೊಸ್ತಿಲಲ್ಲಿ ನಮ್ಮ ಹಿರಿಯರು ಎಡವಬಾರದು. ಈ ತಿಂಗಳ ಬರಹಕ್ಕೆ ಅಂಥದೊಂದು ಎಡವಟ್ಟೇ ಕಾರಣವಾಯಿತು.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನು ಬಲ್ಲವರಿಗೆ ಅಲ್ಲಿನ ಕೋಟೆ, ಹೆಬ್ಬಂಡೆಗಳ ಬೆಟ್ಟಸಾಲು, ಕರಡಿಧಾಮ ನೆನಪಾಗುತ್ತವೆ. ಒನಕೆ ಓಬವ್ವನ ತವರೆಂದು ಜನ ಅಭಿಮಾನದಿಂದ ಹೇಳಿಕೊಳ್ಳುವ ಊರದು. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಈ ತಾಲ್ಲೂಕು ಬಳ್ಳಾರಿಯಿಂದ ಅದಕ್ಕೆ ಸೇರಿತು. ಅಲ್ಲಿ ನನಗೆ ಬಹುಕಾಲದಿಂದ ಪರಿಚಯವಿರುವ ಒಂದು ಮನೆಯುಂಟು. ಕಲ್ಲುಮಣ್ಣಿನ ದಪ್ಪ ಗೋಡೆ, ಕಲ್ಲುಚಪ್ಪಡಿ ಹಾಸಿದ ಬಚ್ಚಲು, ಒಲೆಯ ಮೇಲೆ ತಾಮ್ರದ ಹಂಡೆ. ಮಗನ ಮದುವೆಗೆ ಮೊದಲು ಬಚ್ಚಲನ್ನು ಹೊಸದಾಗಿಸಬೇಕೆಂದು ಆ ಮನೆಯ ಸೊಸೆ ಎರಡು ವರ್ಷ ಹಣ ಕೂಡಿಟ್ಟಿದ್ದರು. ಬಂಗಾರದ ಬಣ್ಣದ ನಲ್ಲಿಗಳನ್ನು ಹೊಸಪೇಟೆಯಲ್ಲಿ ನೋಡಿಯೂ ಬಂದಿದ್ದರು. ಕೊರತೆ ಬಿದ್ದ ಹಣಕ್ಕೆ ಹಂಡೆಯನ್ನು ಮಾರುವುದೆಂದು ಲೆಕ್ಕ ಹಾಕಿದ್ದರು. ಅಷ್ಟರಲ್ಲಿ ಒಂದು ನಸುಕಿನಲ್ಲಿ ಅತ್ತೆಯವರು ಬಚ್ಚಲಿನಲ್ಲಿ ಜಾರಿ ಬಿದ್ದರು. ಏಳುವಾಗ ಅವರು ಆಸರೆಗೆಂದು ಹಿಡಿದದ್ದು ನಲ್ಲಿಯನ್ನು. ನಲ್ಲಿ ಮುರಿದು ಕೈಗೆ ಬಂತು. ಪುಣ್ಯಕ್ಕೆ ಮುಂಗೈಯ ಮೂಳೆ ಬಿರುಕು ಬಿಟ್ಟುದಲ್ಲದೆ ಹೆಚ್ಚಿನ ಅಪಾಯವಾಗಲಿಲ್ಲ.

ನಾನು ನೋಡಲು ಹೋದಾಗ ಸೊಸೆ ಮುರಿದ ನಲ್ಲಿಯನ್ನು ನನ್ನ ಮುಂದಿಟ್ಟು, "ಅಕ್ಕಾ, ನಾಲ್ಕು ವರ್ಷದ ಹಿಂದೆ ಹಾಕಿಸಿದ್ದು. ಹೊರಗೆ ಹೊಳೀತಿತ್ತು, ಒಳಗೆ ಹಿಂಗಿತ್ತು" ಎಂದರು. ಅದರ ತಿರುಪು ಬೂದುಬಣ್ಣಕ್ಕೆ ತಿರುಗಿ ಪುಡಿಪುಡಿಯಾಗಿತ್ತು. ಅಂದು ನಾವು ಮೂವರೂ ಕುಳಿತು ಮಾತಾಡಿದ ವಿಚಾರಗಳು ಬೇರೆ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೀರಿನ ಗುಣ ತಿಳಿಯಬೇಕು. ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಕಲ್ಲಿನ ಪದರಗಳ ನಡುವೆ ಹರಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅದರಲ್ಲಿ ಕರಗಿ ಸೇರುತ್ತವೆ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಸಾಕು, ಬೇರೆ ನೀರು ಸಿಗದ ಕಡೆ 600ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ನೀರು ಆರಿದಾಗ ಈ ಲವಣಗಳೇ ನಲ್ಲಿಯ ಮೇಲೆ ಬಿಳಿ ಕಲೆಯಾಗಿ ಉಳಿಯುತ್ತವೆ. ಅಂಗಡಿಯ ದೀಪದಡಿಯಲ್ಲಿ ಕನ್ನಡಿಯಂತೆ ಹೊಳೆಯುವ ನಲ್ಲಿ ನಮ್ಮ ಬಚ್ಚಲಿಗೆ ಬಂದ ತಿಂಗಳೊಳಗೆ ಮಂಕಾಗುವುದು ಇದರಿಂದಲೇ. ಆದುದರಿಂದ ಬಣ್ಣವನ್ನು ಆರಿಸುವಾಗ ಅಂಗಡಿಯ ದೀಪಕ್ಕಿಂತ ನಮ್ಮ ನೀರನ್ನು ನೆನೆಯುವುದು ಒಳಿತು.

ಎರಡನೆಯದಾಗಿ, ಹೊಳಪಿನ ಕೆಳಗಿರುವ ಲೋಹ. ಒಳ್ಳೆಯ ನಲ್ಲಿಯ ಒಡಲು ಹಿತ್ತಾಳೆಯದು, ಅಂದರೆ ತಾಮ್ರ ಮತ್ತು ಸತುವಿನ ಬೆರಕೆ. ಅಗ್ಗದ ನಲ್ಲಿಗಳಲ್ಲಿ ಹಲವು ಸತುವೇ ಪ್ರಧಾನವಾದ ಮಿಶ್ರಲೋಹದವು. ಮೇಲಿನ ಲೇಪ ಎರಡಕ್ಕೂ ಒಂದೇ ಆದ್ದರಿಂದ ಹೊರನೋಟಕ್ಕೆ ಭೇದ ಕಾಣದು. ಪರೀಕ್ಷಿಸಲು ಸುಲಭದ ದಾರಿಗಳಿವೆ. ಒಂದೇ ಅಳತೆಯ, ಒಂದೇ ದಪ್ಪದ ಎರಡು ನಲ್ಲಿಗಳನ್ನು ಕೈಯಲ್ಲಿ ತೂಗಿ ನೋಡಿದರೆ ಹಿತ್ತಾಳೆಯದು ಕಾಲುಭಾಗದಷ್ಟು ಹೆಚ್ಚು ತೂಗುತ್ತದೆ. ಲೇಪವಿಲ್ಲದ ತಿರುಪಿನ ಒಳಭಾಗ ಹಳದಿಯಾಗಿದ್ದರೆ ಹಿತ್ತಾಳೆ, ಬೂದುಬಿಳುಪಾಗಿದ್ದರೆ ಸತುವಿನ ಬೆರಕೆ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್.ಐ. ಗುರುತು ಇದೆಯೇ ಎಂದೂ ನೋಡಬೇಕು. ಹಿತ್ತಿಲಿಗೆ, ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಮಾತ್ರ ಹಿತ್ತಾಳೆಯೇ ಆಗಬೇಕೆಂಬ ಹಟ ಬೇಡ. ತಣ್ಣೀರಿಗೆ ಗಟ್ಟಿ ಪ್ಲಾಸ್ಟಿಕ್ಕಿನ ನಲ್ಲಿ ಅಗ್ಗವೂ ಹೌದು, ಅದು ತುಕ್ಕು ಹಿಡಿಯುವುದೂ ಇಲ್ಲ.

ಇನ್ನು ಹೊಳಪಿನ ವಿಚಾರ. ಲೋಹಕ್ಕೆ ಲೋಹದ ಹೊದಿಕೆ ಹಾಕುವುದು ನಮಗೆ ಹೊಸದಲ್ಲ. ಹಿತ್ತಾಳೆಯ ಪಾತ್ರೆಗೆ ತವರದ ಕಲಾಯಿ ಹಾಕಿಸುತ್ತಿದ್ದವರು ನಾವು. ನಲ್ಲಿಗೆ ಮೊದಲು ನಿಕ್ಕಲ್ಲಿನ ಪದರ, ಅದರ ಮೇಲೆ ಬಹು ತೆಳುವಾದ ಕ್ರೋಮಿಯಂ ಪದರ ಕೊಡುತ್ತಾರೆ. ಮೇಲಿನ ಆ ಪದರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ಇದೇ ನಮಗೆ ಚಿರಪರಿಚಿತವಾದ ಕ್ರೋಮ್ ಹೊಳಪು. ಬೆಲೆ ಹಿತ, ಎಲ್ಲ ಊರಿನಲ್ಲಿಯೂ ದೊರೆಯುತ್ತದೆ, ಐದು ವರ್ಷದ ಮೇಲೆ ಒಂದು ನಲ್ಲಿ ಕೆಟ್ಟರೆ ಹೊಸದು ಹಳೆಯದರೊಡನೆ ಹೊಂದಿಕೊಳ್ಳುತ್ತದೆ. ಬಂಗಾರದ ಬಣ್ಣ ಹಾಗಲ್ಲ. ಒಬ್ಬ ತಯಾರಕರ ಬಂಗಾರಕ್ಕೂ ಇನ್ನೊಬ್ಬರ ಬಂಗಾರಕ್ಕೂ ಛಾಯೆ ಬೇರೆ. ನಿರ್ವಾತದಲ್ಲಿ ಲೋಹದ ಆವಿಯಿಂದ ಕೂರಿಸಿದ ಬಣ್ಣ ಗಟ್ಟಿಯಾದದ್ದು, ಆದರೆ ದುಬಾರಿ. ಅಗ್ಗದಲ್ಲಿ ಸಿಗುವುದು ಬಹುಮಟ್ಟಿಗೆ ಬಣ್ಣದ ಅರಗು, ಉಜ್ಜಿದಂತೆ ಕರಗುತ್ತದೆ. ಕಪ್ಪು ಬಣ್ಣ ಈಚೆಗೆ ಮೆಚ್ಚುಗೆ ಗಳಿಸಿದೆ, ಆದರೆ ಗಡಸು ನೀರಿನ ಬಿಳಿ ಕಲೆ ಎದ್ದು ಕಾಣುವುದು ಅದರ ಮೇಲೆಯೇ. ಕನ್ನಡಿ ಹೊಳಪಿಲ್ಲದ, ಗೆರೆ ಎಳೆದಂಥ ಮಂದ ಮೈಯ ಸ್ಟೀಲು ಕಲೆಯನ್ನು ಮರೆಮಾಚುತ್ತದೆ. ಸ್ಟೀಲಿನಲ್ಲಿ 304 ಎಂಬ ದರ್ಜೆಯಲ್ಲಿ ಸುಮಾರು ಶೇಕಡ 18 ಕ್ರೋಮಿಯಂ, 8 ನಿಕ್ಕಲ್ ಇರುತ್ತದೆ. 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ, ಬೆಲೆಯೂ ಕಡಿಮೆ, ಒದ್ದೆಯಲ್ಲಿ ಬಾಳಿಕೆಯೂ ಕಡಿಮೆ. ಅಯಸ್ಕಾಂತ ಹಿಡಿದು ಇವೆರಡರ ಭೇದ ಕಂಡುಕೊಳ್ಳಲಾಗದು; ರಸೀದಿಯಲ್ಲಿ ದರ್ಜೆಯನ್ನು ಬರೆಸಿಕೊಳ್ಳುವುದೇ ಸರಿ.

ಇದ್ದ ಹಣದಲ್ಲಿ ಯಾವುದು ಮೊದಲು? ಮೊದಲು ಸೋರಿಕೆ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕಿದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರು ಎಂದರೂ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು. ವರ್ಷಕ್ಕೆ ಒಂದೂವರೆ ಸಾವಿರ ಲೀಟರು. ಮಳೆಯನ್ನೇ ಎದುರು ನೋಡುವ ಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ. ಹಳೆಯ ನಲ್ಲಿಯ ಒಡಲು ಹಿತ್ತಾಳೆಯದಾಗಿದ್ದು ಗಟ್ಟಿಯಾಗಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ವಾಷರನ್ನೋ ಒಳಗಿನ ಸ್ಪಿಂಡಲ್ಲನ್ನೋ ಬದಲಿಸಿದರೆ ಇನ್ನೂ ಹಲವು ವರ್ಷ ನಡೆದೀತು. ಕಾಲು ಸುತ್ತಿಗೆ ತೆರೆದುಕೊಳ್ಳುವ ಹೊಸ ನಮೂನೆಯ ನಲ್ಲಿ ವೃದ್ಧರ ಕೈಗೆ ಹಗುರ, ಆದರೆ ನೀರಿನಲ್ಲಿ ಮರಳು ಬರುವ ಮನೆಯಲ್ಲಿ ಅದರೊಳಗಿನ ಪಿಂಗಾಣಿ ಬಿಲ್ಲೆಗೆ ಗೀರು ಬೀಳುತ್ತದೆ. ಟ್ಯಾಂಕಿನಿಂದ ಇಳಿಯುವ ಕೊಳವೆಗೆ ಒಂದು ಜಾಲರಿ ಹಾಕಿಸಿದರೆ ಆ ಚಿಂತೆ ಕಡಿಮೆಯಾಗುತ್ತದೆ.

ಎರಡನೆಯದು ನೆಲ ಮತ್ತು ಹಿಡಿಕೆ. ಬಚ್ಚಲಿನ ನುಣುಪು ಹೋಗುವಂತೆ ಚಪ್ಪಡಿಗೆ ಕಲ್ಲುಕೆಲಸದವರಿಂದ ಉಳಿಯಲ್ಲಿ ಕಚ್ಚು ಹಾಕಿಸಬಹುದು. ಹೊಸ ಬಿಲ್ಲೆ ಕೂರಿಸುವುದಾದರೆ ಒರಟು ಮೈಯದನ್ನೇ ಕೇಳಬೇಕು. ಟವೆಲು ನೇತುಹಾಕುವ ಕಂಬಿ ಮನುಷ್ಯನ ಭಾರ ತಡೆಯದು, ನಲ್ಲಿಯಂತೂ ತಡೆಯುವುದೇ ಇಲ್ಲ. ಆಸರೆಯ ಹಿಡಿಕೆಯನ್ನೇ ಬೇರೆಯಾಗಿ ಕೊಳ್ಳಬೇಕು. ಅದು ಮುಷ್ಟಿಯೊಳಗೆ ಚೆನ್ನಾಗಿ ಕೂರುವಷ್ಟು ದಪ್ಪವಿದ್ದು, ಮೈ ತೀರ ನುಣುಪಾಗಿರಬಾರದು. ಎತ್ತರವನ್ನು ಅಳತೆಪಟ್ಟಿ ಹೇಳದು. ಹಿರಿಯರನ್ನು ಮಣೆಯ ಮೇಲೆ ಕೂರಿಸಿ, ಏಳುವಾಗ ಅವರ ಕೈ ತಾನಾಗಿ ಎಲ್ಲಿಗೆ ಹೋಗುವುದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಬೇಕು. ಮಣ್ಣಿನ ಗೋಡೆಯಲ್ಲಿ ತಿರುಪುಮೊಳೆ ನಿಲ್ಲುವುದಿಲ್ಲ. ಗುರುತಿನ ಜಾಗದಲ್ಲಿ ಗೋಡೆಯನ್ನು ಬಗೆದು ಕಾಂಕ್ರೀಟು ತುಂಬಿಸಿ, ವಾರಕ್ಕೆ ಕಡಿಮೆಯಿಲ್ಲದಂತೆ ನೀರುಣಿಸಿ, ಗಟ್ಟಿಯಾದ ಮೇಲೆ ಹಿಡಿಕೆಯನ್ನು ಬಿಗಿಯಬೇಕು. ಮನೆಯ ಗಂಡಾಳು ಒಬ್ಬರು ಅದನ್ನು ಹಿಡಿದು ಜಗ್ಗಿ ನೋಡಿದ ಅನಂತರವೇ ಹಿರಿಯರ ಕೈಗೆ ಬಿಡತಕ್ಕದ್ದು. ಇವೆಲ್ಲ ಮುಗಿದು ಹಣ ಉಳಿದರೆ ಹೊಳಪಿನ ಯೋಚನೆ.

ಆರೈಕೆಯ ಮಾತೊಂದಿದೆ. ಅತ್ತೆಯವರು ಹಿಂದಿನ ಕ್ರೋಮ್ ನಲ್ಲಿಯನ್ನು ಪ್ರತಿ ಸೋಮವಾರ ಹುಣಸೆಹಣ್ಣು, ಬೂದಿ ಹಾಕಿ ಬೆಳಗುತ್ತಿದ್ದರಂತೆ. ತಾಮ್ರಕ್ಕೂ ಹಿತ್ತಾಳೆಗೂ ಅದು ಮೇಲಾದ ಉಪಾಯ, ಲೇಪದ ನಲ್ಲಿಗೆ ಮಾತ್ರ ಮಾರಕ; ಬೂದಿಯ ಒರಟಿಗೆ ಆ ತೆಳುಪದರ ಸವೆಯುತ್ತದೆ. ಸ್ನಾನವಾದ ಮೇಲೆ ಒಣಬಟ್ಟೆಯಿಂದ ಒರೆಸಿದರೆ ಕಲೆಯೇ ಕೂರದು. ಕೂತಿದ್ದರೆ ನೀರು ಬೆರೆಸಿದ ನಿಂಬೆರಸದಲ್ಲಿ ಬಟ್ಟೆ ಅದ್ದಿ ಸ್ವಲ್ಪ ಹೊತ್ತು ಸುತ್ತಿಟ್ಟು ತೊಳೆಯಬೇಕು. ನೆಲ ತೊಳೆಯುವ ಆ್ಯಸಿಡ್ಡನ್ನು ಕ್ರೋಮಿಗಾಗಲಿ ಸ್ಟೀಲಿಗಾಗಲಿ ಸೋಕಿಸಬಾರದು. ಆ್ಯಸಿಡ್ಡಿನೊಡನೆ ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬೆರೆಸಬಾರದು, ವಿಷದ ಅನಿಲ ಏಳುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಸೊಸೆ ಬಹಳ ಹೊತ್ತು ಸುಮ್ಮನಿದ್ದರು. ಎರಡು ವರ್ಷ ಕಂಡ ಕನಸನ್ನು ಬಿಡುವುದು ಸುಲಭವಲ್ಲ. ಬೀಗರ ಮುಂದೆ ಮನೆ ಚೆಂದ ಕಾಣಲೆಂಬ ಆಸೆಯಲ್ಲಿ ತಪ್ಪೂ ಇಲ್ಲ. ಆಗ ಒಳಗಿನಿಂದ ಅತ್ತೆಯವರೇ, "ಹಂಡೆ ಮಾರಿ ನಿನ್ನ ಬಂಗಾರದ ನಲ್ಲಿ ಹಾಕಿಸಿಕೊಳ್ಳವ್ವ. ನಮ್ಮವ್ವ ಕೊಟ್ಟಿದ್ದು ಅಂತ ಇಟ್ಟಿದ್ದೆ. ನನ್ನ ಕೈಯಿಂದ ಇನ್ನು ಅದನ್ನ ಬೆಳಗೋಕಾಗಲ್ಲ" ಎಂದರು. ಸೊಸೆ ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತು, "ಬೆಳಗೋಕೆ ನಾನಿದೀನಿ ಬಿಡ್ರಿ ಅತ್ತೆ" ಎಂದರು.

ಕಳೆದ ತಿಂಗಳು ಮತ್ತೆ ಹೋಗಿದ್ದೆ. ಎರಡು ಹಿತ್ತಾಳೆ ಒಡಲಿನ ಕ್ರೋಮ್ ನಲ್ಲಿ, ಕಚ್ಚು ಹಾಕಿಸಿದ ಚಪ್ಪಡಿ, ಮಣೆಯ ಬಲಕ್ಕೆ ಮಂದ ಹೊಳಪಿನ ಹಿಡಿಕೆ. ಒಲೆಯ ಮೇಲೆ ಹಂಡೆ ಕೆಂಪಗೆ ಬೆಳಗುತ್ತಿತ್ತು. ಇಡೀ ಬಚ್ಚಲಿನಲ್ಲಿ ಬಂಗಾರದ ಬಣ್ಣಕ್ಕೆ ಹತ್ತಿರದ್ದು ಅದೊಂದೇ. ಅತ್ತೆಯವರು ಹಿಡಿಕೆ ಹಿಡಿದು ತಾವಾಗಿಯೇ ಎದ್ದು ಬಂದು, ವಿಭೂತಿ ಧರಿಸಿ ಪೂಜೆಗೆ ಕುಳಿತರು. ಉಳಿದ ಹಣದಲ್ಲಿ ಸೊಸೆ ಒಂದು ಕನ್ನಡಿ ಕೊಂಡಿದ್ದರು. ಅದರ ಚೌಕಟ್ಟು ಮಾತ್ರ ಬಂಗಾರದ ಬಣ್ಣದ್ದು. ಒದ್ದೆ ತಾಗದಂತೆ ಬಚ್ಚಲಿನ ಹೊರಗೆ ತೂಗುಹಾಕಿದ್ದರು.

ನಿಮ್ಮ ಮನೆಯಲ್ಲಿಯೂ ಹಿರಿಯರಿದ್ದರೆ, ನಾಳೆ ನಸುಕಿನಲ್ಲಿ ಅವರು ಏಳುವಾಗ ಕೈ ಎಲ್ಲಿಗೆ ಹೋಗುತ್ತದೆಂದು ಒಮ್ಮೆ ಗಮನಿಸಿ.